ಕೆಳಗೆ ಯಾರಿದ್ದಾರೆ?

2024ರ ಆಗಸ್ಟ್ 11, ಭಾನುವಾರ. ಬೆಳಗಿನ ಜಾವ ಅಪ್ಪನ ಫೋನು. ಊರಿಂದ ಆ ಹೊತ್ತಲ್ಲಿ ಫೋನು ಬಂದರೆ ಎತ್ತೋ ಮುಂಚೆಯೇ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಬೆಂಗಳೂರಲ್ಲಿರೋ ಊರ ಮಕ್ಕಳಿಗೆಲ್ಲ ಇದು ಗೊತ್ತು.

“ಡ್ಯಾಮಿನ ಗೇಟು ಕಿತ್ಕೊಂಡು ಹೋಗೈತಂತಪಾ. ಹತ್ತೊಂಬತ್ತನೇದು. ಹೊಳಿ ಕಡಿ ಯಾರೂ ಹೋಗಬ್ಯಾಡ್ರಿ ಅಂತ ಡಂಗುರ ಹೊಡಸ್ಯಾರ.”

ನಮ್ಮೂರು ಗಂಗಾವತಿ ಸೀಮೆ. ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಭತ್ತದ ನಾಡು. ಅಣೆಕಟ್ಟಿಗೆ ಒಟ್ಟು 33 ಗೇಟು. ಅದರಲ್ಲಿ ಒಂದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಆಮೇಲಿನದು ನಿಮಗೆ ಗೊತ್ತೇ ಇದೆ: ಉಳಿದ ಗೇಟುಗಳನ್ನೂ ತೆರೆದು ನೀರು ಹೊರಗೆ ಬಿಟ್ಟರು, ವಾರದೊಳಗೆ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ನಮ್ಮೂರಿಗೆ ಏನೂ ಆಗಲಿಲ್ಲ. ಆದರೆ “ಮ್ಯಾಲೆ ಡ್ಯಾಮ್ ಐತಿ” ಅನ್ನೋ ಮಾತು ಚಿಕ್ಕಂದಿನಿಂದ ನನಗೆ ಧೈರ್ಯ ಕೊಡ್ತಿತ್ತು. ಅವತ್ತು ಮೊದಲ ಸಲ ಅದೇ ಮಾತು ಬೇರೆ ಥರ ಕೇಳಿಸ್ತು. ಮೇಲೆ ಡ್ಯಾಮ್ ಇದೆ ಅಂದರೆ ಕೆಳಗೆ ನಾವಿದ್ದೇವೆ ಅಂತ ಅರ್ಥ.

ಆ ವಾರ ನಿದ್ದೆ ಬರದ ರಾತ್ರಿಗಳಲ್ಲಿ ಅಣೆಕಟ್ಟು ಒಡೆದ ಕತೆಗಳನ್ನೆಲ್ಲ ಹುಡುಕಿ ಓದ್ತಾ ಹೋದೆ. ಹಾಗೆ ಓದ್ತಾ ಸಿಕ್ಕಿದ್ದು, ಬೇಕಂತಲೇ ಅಣೆಕಟ್ಟು ಒಡೆಯೋಕೆ ಹುಟ್ಟಿಸಿದ ಒಂದು ಬಾಂಬರ್ ಸ್ಕ್ವಾಡ್ರನ್. ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್.

ಸುಳ್ಳು ಹೇಳಲ್ಲ, ಮೊದಲು ಓದಿದಾಗ ನಾನು ಆ ಕತೆಗೆ ಮನಸೋತೆ. ಇಂಜಿನಿಯರ್ ಆದವನು ಸೋಲದೇ ಇರೋಕೆ ಆಗಲ್ಲ. ಎರಡನೇ ಮಹಾಯುದ್ಧದ ನಡುವೆ ಜರ್ಮನಿಯ ರೂರ್ ಪ್ರದೇಶದ ಕಾರ್ಖಾನೆಗಳಿಗೆ ನೀರು, ವಿದ್ಯುತ್ ಕೊಡ್ತಿದ್ದ ಅಣೆಕಟ್ಟುಗಳನ್ನು ಒಡೀಬೇಕು. ಎತ್ತರದಿಂದ ಬಾಂಬು ಹಾಕಿದರೆ ಗುರಿ ತಪ್ಪುತ್ತೆ. ನೀರಲ್ಲಿ ಟಾರ್ಪೆಡೊ ಬಿಟ್ಟರೆ ತಡೆಯೋಕೆ ಬಲೆ ಕಟ್ಟಿದ್ದಾರೆ. ವಿಕರ್ಸ್ ಕಂಪನಿಯ ಇಂಜಿನಿಯರ್ ಬಾರ್ನ್ಸ್ ವಾಲಿಸ್ 1942ರಲ್ಲಿ ಮನೆಯಂಗಳದಲ್ಲಿ ಒಂದು ತೊಟ್ಟಿಗೆ ನೀರು ತುಂಬಿ ಗೋಲಿ ಹಾರಿಸ್ತಾ ಕೂತರು. ಕೆರೆಯಲ್ಲಿ ಚಪ್ಪಟೆ ಕಲ್ಲು ಬೀಸಿ ಎಸೆದರೆ ನೀರ ಮೇಲೆ ಪುಟಿದು ಪುಟಿದು ಹೋಗುತ್ತಲ್ಲ, ಅದೇ ಐಡಿಯಾ. ಬಾಂಬು ನೀರ ಮೇಲೆ ಪುಟಿದು, ಬಲೆ ದಾಟಿ, ಗೋಡೆಗೆ ತಾಗಿ, ಗೋಡೆಗೆ ಅಂಟಿಕೊಂಡೇ ಮುಳುಗಿ, ಸುಮಾರು 9 ಮೀಟರ್ ಆಳದಲ್ಲಿ ಸಿಡೀಬೇಕು.

ಅದಕ್ಕೆ ನಾಲ್ಕು ಟನ್ನಿಗೂ ಮೀರಿದ ಡ್ರಮ್ಮಿನಾಕಾರದ ಬಾಂಬನ್ನು ಬಿಡೋ ಮೊದಲು ನಿಮಿಷಕ್ಕೆ 500 ಸುತ್ತು ಹಿಮ್ಮುಖವಾಗಿ ತಿರುಗಿಸಬೇಕು. ವಿಮಾನ ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ ಹಾರಬೇಕು, ಅದೂ ರಾತ್ರಿ ಹೊತ್ತು. ಅಷ್ಟು ಕೆಳಗೆ ಆಗಿನ ಎತ್ತರಮಾಪಕ ನಂಬೋ ಹಾಗಿರಲಿಲ್ಲ. ವಿಮಾನದ ಹೊಟ್ಟೆಗೆ ಎರಡು ದೀಪ ಕಟ್ಟಿದರು. ಎರಡರ ಬೆಳಕೂ ನೀರಿನ ಮೇಲೆ ಒಂದಕ್ಕೊಂದು ಕೂಡಿದರೆ 60 ಅಡಿ ಅಂತ ಲೆಕ್ಕ. ಇಷ್ಟು ಸರಳವಾದ, ಇಷ್ಟು ಅಚ್ಚುಕಟ್ಟಾದ ಪರಿಹಾರ ನನ್ನ ಕೆರಿಯರ್‌ನಲ್ಲಿ ನಾನು ಒಂದೂ ಬರೆದಿಲ್ಲ.

1943ರ ಮಾರ್ಚ್‌ನಲ್ಲಿ ಸ್ಕ್ಯಾಂಪ್ಟನ್ ಅನ್ನೋ ವಾಯುನೆಲೆಯಲ್ಲಿ ಸ್ಕ್ವಾಡ್ರನ್ ಹುಟ್ಟಿತು. ನಾಯಕ ಗೈ ಗಿಬ್ಸನ್‌ಗೆ ಆಗ 24 ವರ್ಷ. ನಮ್ಮಲ್ಲಿ ಆ ವಯಸ್ಸಿನವರು ಇನ್ನೂ ಪ್ರೊಬೇಷನ್‌ನಲ್ಲಿರ್ತಾರೆ. ಎರಡೇ ತಿಂಗಳ ತಯಾರಿ. ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್ ವಿಮಾನ, 133 ಜನ ಹೊರಟರು. ಮೋನೆ ಅಣೆಕಟ್ಟಿನ ಮೇಲೆ ಮೊದಲ ನಾಲ್ಕು ಪ್ರಯತ್ನ ಆದರೂ ಗೋಡೆ ನಿಂತಿತ್ತು, ಐದನೆಯದಕ್ಕೆ ಕುಸಿಯಿತು. ಆಮೇಲೆ ಏಡರ್ ಅಣೆಕಟ್ಟೂ ಒಡೀತು. ಮೂರನೆಯದು, ಸೋರ್ಪೆ, ಉಳೀತು. 8 ವಿಮಾನ ವಾಪಸ್ ಬರಲಿಲ್ಲ. 53 ಹುಡುಗರು ಸತ್ತರು, 3 ಜನ ಸೆರೆಸಿಕ್ಕರು. ಬದುಕಿ ಬಂದವರಲ್ಲಿ 34 ಜನರಿಗೆ ಪದಕ. 1955ರಲ್ಲಿ ಇದರ ಮೇಲೆ ಸಿನಿಮಾ ಬಂತು. ಸ್ಟಾರ್ ವಾರ್ಸ್ ಮೊದಲ ಚಿತ್ರದ ಕೊನೆಯ ದಾಳಿ ನೋಡಿದ್ದರೆ, ಈ ಸಿನಿಮಾದ ನೆರಳನ್ನು ನೀವು ಆಗಲೇ ನೋಡಿದ್ದೀರಿ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆ ಕತೆ. ಆದರೆ ನಾನು ಡ್ಯಾಮಿನ ಕೆಳಗಿನವನು. ಗೋಡೆ ಒಡೀತು ಅಂತ ಓದಿದ ಕೂಡಲೇ ನನ್ನ ತಲೇಲಿ ಬಂದಿದ್ದು ಒಂದೇ ಪ್ರಶ್ನೆ. ಆ ನೀರು ಎಲ್ಲಿಗೆ ಹೋಯ್ತು?

ಮೋನೆ ಜಲಾಶಯ ತುಂಬಿದರೆ ಸುಮಾರು 134 ಮಿಲಿಯನ್ ಘನ ಮೀಟರ್ ನೀರು. ನಮ್ಮ ಭಾಷೆಯಲ್ಲಿ 4.7 ಟಿಎಂಸಿ, ತುಂಗಭದ್ರೆಯ ಇಪ್ಪತ್ತರಲ್ಲಿ ಒಂದು ಪಾಲೂ ಆಗಲ್ಲ. ಆದರೆ ಇಕ್ಕಟ್ಟಾದ ಕಣಿವೆ, ನಡುರಾತ್ರಿ. ಅಣೆಕಟ್ಟಿನ ಕೆಳಗೆ ಮೋನೆ ಹೊಳೆ ರೂರ್ ನದಿಗೆ ಸೇರೋ ಜಾಗದಲ್ಲಿ ನೆಹೈಮ್ ಅನ್ನೋ ಊರು. ಅಲ್ಲಿ ಕಣಿವೆಯಲ್ಲೇ ಒಂದು ಕ್ಯಾಂಪ್ ಇತ್ತು. ನಾಜಿಗಳು ಆಕ್ರಮಿಸಿದ ಪೂರ್ವದ ನಾಡುಗಳಿಂದ, ಹೆಚ್ಚಾಗಿ ಉಕ್ರೇನಿನಿಂದ, ಬಲವಂತವಾಗಿ ಹಿಡಿದು ತಂದ ಹೆಣ್ಣುಮಕ್ಕಳನ್ನು ಅಲ್ಲಿ ಮರದ ಬ್ಯಾರಕ್‌ಗಳಲ್ಲಿ ಇಟ್ಟಿದ್ದರು. ಹಗಲು ಕಾರ್ಖಾನೆ, ರಾತ್ರಿ ಬೇಲಿಯೊಳಗೆ. ನೀರು ಬಂದಾಗ ಅವರು ಮಲಗಿದ್ದರು.

ಆ ರಾತ್ರಿ ಪ್ರವಾಹದಲ್ಲಿ ಸತ್ತವರು 1300ರ ಸುಮಾರು ಅನ್ನೋದು ಬಹಳ ಕಾಲದಿಂದ ಇರೋ ಲೆಕ್ಕ. ಇನ್ನೂ ಹೆಚ್ಚು ಅನ್ನೋ ಇತಿಹಾಸಕಾರರೂ ಇದ್ದಾರೆ. ಮೋನೆ ಕಣಿವೆಯಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜರ್ಮನರೇ ಅಲ್ಲ. ನೆಹೈಮ್ ಕ್ಯಾಂಪಿನ ಆ ಹೆಣ್ಣುಮಕ್ಕಳೇ ನೂರಾರು. ಅಂದರೆ ಯಾರನ್ನು ಬಿಡಿಸೋಕೆ ಆ ಯುದ್ಧ ನಡೀತಿದೆ ಅಂತ ಹೇಳ್ತಿದ್ದರೋ, ಸತ್ತವರಲ್ಲಿ ದೊಡ್ಡ ಪಾಲು ಅವರದೇ.

ತೀರ್ಪು ಕೊಡೋಕೆ ನಾನು ಇದನ್ನ ಬರೀತಿಲ್ಲ. ಹಿಟ್ಲರ್ ಸೋಲಲೇಬೇಕಿತ್ತು. ಆ ಹೆಣ್ಣುಮಕ್ಕಳನ್ನು ಅಣೆಕಟ್ಟಿನ ಕೆಳಗೆ ಬೇಲಿ ಹಾಕಿ ಮಲಗಿಸಿದ್ದು ಬ್ರಿಟಿಷರಲ್ಲ. ಬಾಂಬು ಹಾಕಲು ಹೋದ ಹುಡುಗರ ಸರಾಸರಿ ವಯಸ್ಸು ಇಪ್ಪತ್ತೆರಡರ ಆಸುಪಾಸು, ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಆ ರಾತ್ರಿ ವಾಪಸ್ ಬರಲಿಲ್ಲ. ಎಸಿ ರೂಮಲ್ಲಿ ಕೂತು ಎಂಬತ್ತು ವರ್ಷದ ನಂತರ ಅವರನ್ನು ಬೈಯೋದು ಸುಲಭ.

ನನ್ನನ್ನು ಕಾಡಿದ್ದು ಲೆಕ್ಕ. ದಾಳಿಯಾದ ಬೆಳಗ್ಗೆ ವಾಲಿಸ್‌ಗೆ ಸಂಭ್ರಮಿಸೋಕೆ ಆಗಲಿಲ್ಲ. ವಾಪಸ್ ಬಾರದ ಹುಡುಗರನ್ನು ನೆನೆದು ಕುಸಿದುಹೋದರು ಅಂತ ಜೊತೆಗಿದ್ದವರು ಹೇಳಿದ್ದಾರೆ. 1951ರಲ್ಲಿ ತನ್ನ ಆವಿಷ್ಕಾರಗಳಿಗೆ ಸರ್ಕಾರ ಕೊಟ್ಟ 10,000 ಪೌಂಡನ್ನು ತಾನು ಓದಿದ ಶಾಲೆಗೆ ಕೊಟ್ಟರು, ಸತ್ತ ವಾಯುಪಡೆಯವರ ಮಕ್ಕಳ ಓದಿಗೆ. ದೊಡ್ಡ ಮನಸ್ಸು, ಅನುಮಾನವೇ ಇಲ್ಲ. ಆದರೆ ಆ ಮನಸ್ಸಿನ ಲೆಕ್ಕವೂ 53ಕ್ಕೆ ನಿಂತಿತ್ತು. ಸ್ಕ್ವಾಡ್ರನ್‌ಗೆ ಲಾಂಛನ ಬಂತು: ಒಡೆದ ಅಣೆಕಟ್ಟು, ಮೇಲೆ ಮೂರು ಮಿಂಚು, ಕೆಳಗೆ ಫ್ರೆಂಚಿನಲ್ಲಿ “ಆಪ್ರೆ ಮ್ವಾ ಲ ದೆಲ್ಯೂಜ್”. ನನ್ನ ನಂತರ ಜಲಪ್ರಳಯ ಅಂತ. ಅಣೆಕಟ್ಟಿಗೆ ಹೊಂದೋ ಚಮತ್ಕಾರದ ಮಾತು ಅಂತ ಆರಿಸಿದ್ದಿರಬೇಕು. ಆದರೆ ಫ್ರೆಂಚಿನಲ್ಲಿ ಅದರ ರೂಢಿಯ ಅರ್ಥ, ನಾನು ಹೋದ ಮೇಲೆ ಏನು ಬೇಕಾದರೂ ಆಗಲಿ, ನನಗೇನು ಅನ್ನೋದು.

ಈಗ ನನ್ನ ವಿಷಯಕ್ಕೆ ಬರ್ತೀನಿ.

ಕೆಲವು ವರ್ಷದ ಹಿಂದೆ ಆಗ ಕೆಲಸ ಮಾಡ್ತಿದ್ದ ಕಂಪನಿಯಲ್ಲಿ ನಾನೊಂದು ಮಾಡ್ಯೂಲ್ ಬರೆದೆ. ಎರಡು ಪಟ್ಟಿಯ ಹೆಸರು ಹೋಲಿಸೋ ಕೆಲಸ. ಒಂದರಲ್ಲಿ ಹಣ ಸಿಗಬೇಕಾದವರ ಹೆಸರು, ಇನ್ನೊಂದರಲ್ಲಿ ಬ್ಯಾಂಕ್ ಖಾತೆಯ ಹೆಸರು. ಹೊಂದಿದರೆ ಹಣ ಹೋಗುತ್ತೆ, ಹೊಂದದಿದ್ದರೆ ರಿಜೆಕ್ಟ್. ಸುಳ್ಳು ಖಾತೆಗಳನ್ನು ಹಿಡಿಯೋದು ಉದ್ದೇಶ, ಒಳ್ಳೇ ಉದ್ದೇಶವೇ. ಥ್ರೆಶೋಲ್ಡ್ ಎಲ್ಲಿಡಬೇಕು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಮೀಟಿಂಗಲ್ಲಿ ತೋರಿಸಿದ ಸ್ಲೈಡಿನಲ್ಲಿ ಒಂದು ಸಾಲು ಇತ್ತು: ಸರಿಯಾದವರೇ ತಪ್ಪಾಗಿ ರಿಜೆಕ್ಟ್ ಆಗೋ ಪ್ರಮಾಣ ಎರಡು ಪರ್ಸೆಂಟ್. “ಎರಡು ಪರ್ಸೆಂಟ್ ಓಕೆ” ಅಂದರು. ನಾನೂ ತಲೆ ಆಡಿಸಿದೆ. ರಿಲೀಸ್ ಆಯ್ತು. ನನಗೆ ಒಂದು ಅವಾರ್ಡ್, ಟೀಮಿಗೆ ಡಿನ್ನರ್. ಅವತ್ತು ರಾತ್ರಿಯಿಡೀ ಕೂತು ಬಗ್ ಹುಡುಕಿದ ಇಬ್ಬರು ಜೂನಿಯರ್‌ಗಳಿಗೆ ಎದ್ದುನಿಂತು ಥ್ಯಾಂಕ್ಸ್ ಹೇಳಿದೆ. ನಮ್ಮವರ ಲೆಕ್ಕ ಸರಿಯಾಗಿಯೇ ಇಟ್ಟಿದ್ದೆ.

ಗೇಟು ಹೋದ ವರ್ಷವೇ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಓಣಿಯ ಅತ್ತೆ ಒಬ್ಬರು ಪಾಸ್‌ಬುಕ್ ಹಿಡಕೊಂಡು ಬಂದರು. ಐದು ತಿಂಗಳಿಂದ ವಿಧವಾ ಪಿಂಚಣಿ ಬಂದಿರಲಿಲ್ಲ.

“ಕಂಪ್ಯೂಟರ್‌ನಾಗ ಹೆಸರು ಹೊಂದವಲ್ದಂತ ನೋಡಪಾ. ಕೇಳಿದ್ರ ನಮ್ಮ ಕೈಯಾಗ ಇಲ್ಲ, ಮ್ಯಾಲಿಂದ ಆಗ್ಯಾದ ಅಂತಾರ. ನೀ ಕಂಪ್ಯೂಟರ್ ಕಲ್ತಾವ, ಒಂಚೂರು ನೋಡು.”

ನೋಡಿದೆ. ಒಂದು ಕಡೆ ಹೆಸರಿನ ಕೊನೆಗೆ ‘ಅಮ್ಮ’, ಇನ್ನೊಂದು ಕಡೆ ‘ಅವ್ವ’. ನಮ್ಮ ಕಡೆ ಹುಲಿಗೆಮ್ಮ ಅಂದರೂ ಹುಲಿಗೆವ್ವ ಅಂದರೂ ಒಬ್ಬಳೇ, ಹುಟ್ಟಿದ ಕೂಸಿಗೂ ಗೊತ್ತು. ಕೋಡಿಗೆ ಗೊತ್ತಿಲ್ಲ.

ಅದು ನಾನು ಬರೆದ ಕೋಡ್ ಅಲ್ಲ. ನಮ್ಮ ಕ್ಲೈಂಟ್ ಬೇರೆ, ರಾಜ್ಯವೂ ಬೇರೆ. ಆದರೆ ಅದೇ ಜಾತಿಯ ಕೋಡ್. ಎರಡು ಪರ್ಸೆಂಟ್ ಅಂದರೆ ಲಕ್ಷಕ್ಕೆ ಎರಡು ಸಾವಿರ ಜನ. ನಮ್ಮೂರ ಜನಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಲಕ್ಷಕ್ಕೆ ಒಂದೊಂದು ಇಡೀ ಊರನ್ನು ರಿಜೆಕ್ಟ್ ಮಾಡಿ ನಾನು ಬಿರಿಯಾನಿ ತಿಂದಿದ್ದೆ. ಆ ಊರುಗಳಲ್ಲೂ ಅತ್ತೆಯರು ಪಾಸ್‌ಬುಕ್ ಹಿಡಕೊಂಡು ಓಡಾಡಿರ್ತಾರೆ. “ಮ್ಯಾಲಿಂದ ಆಗ್ಯಾದ” ಅಂದಾಗ ಆ ಮೇಲೆ ಕೂತವನು ನಾನೇ. ನಾನು 60 ಅಡಿ ಎತ್ತರದಲ್ಲೂ ಇರಲಿಲ್ಲ, ಹನ್ನೊಂದನೇ ಫ್ಲೋರಿನಲ್ಲಿದ್ದೆ. ಯಾರೂ ನನ್ನ ಮೇಲೆ ಗುಂಡು ಹಾರಿಸ್ತಿರಲಿಲ್ಲ.

ಯುದ್ಧವನ್ನೂ ಪಿಂಚಣಿಯನ್ನೂ ಒಂದೇ ತಕ್ಕಡಿಗೆ ಹಾಕ್ತಿದ್ದೀಯಾ ಅಂತ ನೀವು ಕೇಳಬಹುದು. ಹಾಕ್ತಿಲ್ಲ. ಹೋದ ಜೀವಕ್ಕೂ ನಿಂತ ಪಿಂಚಣಿಗೂ ಅಳತೆ ಬೇರೆ. ನಾನು ಹೇಳ್ತಿರೋದು ಎರಡರಲ್ಲೂ ಇರೋ ಒಂದು ಅಭ್ಯಾಸದ ಬಗ್ಗೆ: ಯೋಜನೆಯ ಕಾಗದದಲ್ಲಿ ಕೆಳಗಿನವರಿಗೆ ಒಂದು ಕಾಲಂ ಇಲ್ಲದಿರೋದು.

ಅದಕ್ಕೆ ನನ್ನ ಗೆಳೆಯನೊಬ್ಬ ಗಟ್ಟಿಯಾದ ಪ್ರಶ್ನೆ ಹಾಕಿದ. “ಕಾಲಂ ಇದ್ದಿದ್ದರೆ ಏನಾಗ್ತಿತ್ತು? ಅಣೆಕಟ್ಟು ಒಡೆದರೆ ಕಣಿವೆ ಕೊಚ್ಚಿಹೋಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ? ಎಣಿಸಿ, ಗೊತ್ತಿದ್ದೂ ಮಾಡಿದ್ದರೆ ಇನ್ನೂ ದೊಡ್ಡ ಪಾಪ ಆಗ್ತಿತ್ತು. ಎಣಿಸದೇ ಇರೋದೇ ವಾಸಿ ಅಲ್ವಾ?”

ಹಲವು ದಿನ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಅದೇ ಸ್ಕ್ವಾಡ್ರನ್ನಿನ ಮುಂದಿನ ಇತಿಹಾಸದಲ್ಲಿ.

1943ರ ನವೆಂಬರ್‌ನಲ್ಲಿ 617ಕ್ಕೆ ಲೆನರ್ಡ್ ಚೆಷೈರ್ ನಾಯಕನಾಗಿ ಬಂದರು. 1944ರ ಫೆಬ್ರವರಿ 8ರ ರಾತ್ರಿ ಫ್ರಾನ್ಸಿನ ಲಿಮೋಜ್‌ನಲ್ಲಿ ಒಂದು ಕಾರ್ಖಾನೆಯ ಮೇಲೆ ದಾಳಿ. ನೋಮ್ ಎ ರೋನ್ ಅನ್ನೋ ಆ ಕಾರ್ಖಾನೆಯಲ್ಲಿ ಜರ್ಮನರಿಗಾಗಿ ವಿಮಾನದ ಇಂಜಿನ್ ತಯಾರಾಗ್ತಿತ್ತು. ಒಳಗೆ ರಾತ್ರಿಪಾಳಿಯಲ್ಲಿ ಫ್ರೆಂಚ್ ಕೆಲಸಗಾರರು, ಹೆಚ್ಚಿನವರು ಹೆಣ್ಣುಮಕ್ಕಳು. ಸುತ್ತ ಮನೆಗಳು. ನಾಗರಿಕರಿಗೆ ಹಾನಿಯಾಗಬಾರದು ಅನ್ನೋದು ಈ ಸಲ ಮೊದಲಿಂದಲೂ ಯೋಜನೆಯ ಭಾಗವೇ ಆಗಿತ್ತು. ಚೆಷೈರ್ 12 ಲ್ಯಾಂಕಾಸ್ಟರ್‌ಗಳ ಮುಂದೆ ಹೋಗಿ, ಬಾಂಬು ಹಾಕದೇ ಕಾರ್ಖಾನೆಯ ಚಾವಣಿಯ ಮೇಲೆ ತೀರಾ ಕೆಳಗೆ ಮೂರು ಸಲ ಹಾರಿದರು. ಎದ್ದು ಓಡಿ ಅಂತ ಹೇಳೋಕೆ. ಕೆಲಸಗಾರರು ಓಡಿದರು. ನಾಲ್ಕನೇ ಸಲ ಬಂದಾಗ ಗುರಿ ಗುರುತಿಸೋ ಬೆಂಕಿಯುಂಡೆ ಹಾಕಿದರು. ಹಿಂದಿನವರ ಬಾಂಬುಗಳು ಬಹುತೇಕ ಕಾರ್ಖಾನೆಯ ಮೇಲೇ ಬಿದ್ದವು. ಕಾರ್ಖಾನೆ ಹೋಯಿತು, ಕೆಲಸವೂ ಆಯಿತು.

ಅದೇ ಸ್ಕ್ವಾಡ್ರನ್. ಅದೇ ವಿಮಾನ. ಒಂಬತ್ತು ತಿಂಗಳ ಅಂತರ. ವ್ಯತ್ಯಾಸ ಇಷ್ಟೇ, ಕೆಳಗೆ ಯಾರಿದ್ದಾರೆ ಅನ್ನೋ ಪ್ರಶ್ನೆಯನ್ನು ಹೊರಡೋ ಮುಂಚೆಯೇ ಕೇಳಿದ್ದರು. ಹೌದು, ಮೋನೆಯಲ್ಲಿ ವಿಮಾನವನ್ನು ಹೊಡೆಯೋ ತೋಪುಗಳಿದ್ದವು, ಲಿಮೋಜ್‌ನಲ್ಲಿ ಅಷ್ಟು ಕಾವಲಿರಲಿಲ್ಲ. ಮೋನೆಯಲ್ಲಿ ಮೂರು ಸುತ್ತು ಹಾಕಿ ಎಚ್ಚರಿಸೋಕೆ ಆಗ್ತಿರಲಿಲ್ಲ. ಒಪ್ಪಿದೆ. ಆದರೆ ಎಣಿಸಿದವನಿಗೆ ದಾರಿ ಹುಡುಕೋ ಕೆಲಸ ಶುರುವಾಗುತ್ತೆ. ಕೆಲವು ಸಲ ದಾರಿ ಸಿಗುತ್ತೆ, ಕೆಲವು ಸಲ ಸಿಗಲ್ಲ. ಎಣಿಸದವನು ಹುಡುಕೋದೇ ಇಲ್ಲ. ದಾರಿ ಸಿಗದಾಗಲೂ ಎಣಿಸಿದವನಿಗೆ ಒಂದು ಕೆಲಸ ಉಳಿಯುತ್ತೆ: ಸತ್ತವರ ಸಂಖ್ಯೆಯನ್ನು ತನ್ನ ಗೆಲುವಿನ ಪಕ್ಕದಲ್ಲೇ ಬರೆದಿಡೋದು. ಅಂಥವನು ‘ನನ್ನ ನಂತರ ಪ್ರಳಯ’ ಅಂತ ಎದೆ ಮೇಲೆ ಹಾಕ್ಕೊಳ್ಳಲ್ಲ. ತಿಳೀದೇ ಮಾಡಿದ್ದಕ್ಕೆ ಕ್ಷಮೆ ಇರಬಹುದು. ಆದರೆ ತಿಳಿಯಬಾರದು ಅಂತ ಕಣ್ಣು ಮುಚ್ಚಿಕೊಂಡಿದ್ದನ್ನು ತಿಳಿಯದೇ ಮಾಡಿದ್ದು ಅನ್ನೋಕೆ ಬರಲ್ಲ. ಇದು ನನ್ನ ಗೆಳೆಯನಿಗೆ ನಾನು ಕೊಟ್ಟ ಉತ್ತರ.

ಜಗತ್ತೂ ನಿಧಾನಕ್ಕೆ ಈ ಕಾಲಂ ಸೇರಿಸಿತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಮೊದಲ ಪ್ರೋಟೊಕಾಲ್‌ನ 56ನೇ ವಿಧಿ, ನಾಗರಿಕರಿಗೆ ಭಾರೀ ಪ್ರಾಣಹಾನಿ ಆಗೋ ಹಾಗಿದ್ದರೆ ಅಣೆಕಟ್ಟುಗಳ ಮೇಲೆ ದಾಳಿ ಮಾಡಬಾರದು ಅನ್ನುತ್ತೆ. ವಿನಾಯಿತಿಗಳಿವೆ, ಸಹಿ ಹಾಕದ ದೇಶಗಳಿವೆ. ಆದರೂ ಕೆಳಗಿನವರ ಬಗ್ಗೆ ಒಂದು ಸಾಲು ಬರವಣಿಗೆಯಲ್ಲಿದೆ.

ಚೆಷೈರ್ ಸಂತ ಅಂತ ಹೇಳ್ತಿಲ್ಲ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬನ್ನು ಬ್ರಿಟನ್ ಪರವಾಗಿ ವಿಮಾನದಿಂದ ನೋಡಿದವರಲ್ಲಿ ಅವರೂ ಒಬ್ಬರು. ಆ ಬಾಂಬು ಯುದ್ಧ ನಿಲ್ಲಿಸಿತು ಅಂತಲೇ ವಾದಿಸ್ತಿದ್ದರು. ಆದರೆ ಯುದ್ಧ ಮುಗಿದ ಮೇಲೆ, 1948ರಲ್ಲಿ, ಎಲ್ಲೂ ಜಾಗವಿಲ್ಲದೆ ಸಾಯ್ತಿದ್ದ ಒಬ್ಬ ರೋಗಿಯನ್ನು ತನ್ನ ಮನೆಗೆ ಕರೆತಂದು ತಾನೇ ಆರೈಕೆ ಮಾಡಿದರು. ಅಲ್ಲಿಂದ ಅಂಗವಿಕಲರಿಗಾಗಿ ಚೆಷೈರ್ ಹೋಮ್‌ಗಳು ಹುಟ್ಟಿದವು, ಹಲವು ದೇಶಗಳಿಗೆ ಹಬ್ಬಿದವು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೂ ಒಂದಿದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಆ ಬೋರ್ಡನ್ನು ನೀವೂ ನೋಡಿರ್ತೀರಿ. ನಾನು ಅದರ ಮುಂದೆ ನೂರಾರು ಸಲ ಹಾದುಹೋಗಿದ್ದೀನಿ, ಆ ಹೆಸರು ಒಬ್ಬ ಬಾಂಬರ್ ಪೈಲಟ್‌ನದು ಅಂತ ಗೊತ್ತಿಲ್ಲದೆ.

ಈ ವರ್ಷ ಈಗಿನ ಕಂಪನಿಯಲ್ಲಿ ಅಂಥದ್ದೇ ಇನ್ನೊಂದು ಕೆಲಸ ನನ್ನ ಕೈಗೆ ಬಂತು. ಡಿಸೈನ್ ಡಾಕ್ಯುಮೆಂಟಿನಲ್ಲಿ ಒಂದು ಹೊಸ ಹೆಡಿಂಗ್ ಹಾಕಿದೆ: ಇದು ತಪ್ಪಿದರೆ ಯಾರಿಗೆ ಏನಾಗುತ್ತೆ, ಅವರು ಯಾರಿಗೆ ಹೇಳಬೇಕು? ಹೆಸರು ಹೊಂದದಿದ್ದರೆ ನೇರವಾಗಿ ರಿಜೆಕ್ಟ್ ಮಾಡೋ ಬದಲು ಮೊದಲು ಅವರಿಗೆ ತಿಳಿಸಬೇಕು, ಮನುಷ್ಯರೊಬ್ಬರು ನೋಡಬೇಕು, ಆಮೇಲೆ ನಿಲ್ಲಿಸಬೇಕು ಅಂತ ಬರೆದೆ. ಮೀಟಿಂಗಲ್ಲಿ ಮೌನ. ಖರ್ಚು ಹೆಚ್ಚು, ರಿಲೀಸ್ ಮೂರು ವಾರ ತಡ. ಅರ್ಧ ಒಪ್ಪಿದರು: ತಿಳಿಸೋದು ಸರಿ, ಮನುಷ್ಯರು ನೋಡೋದು ಮುಂದಿನ ವರ್ಷ ನೋಡೋಣ. ನನ್ನ ಅಪ್ರೈಸಲ್‌ನಲ್ಲಿ ‘ಡೆಡ್‌ಲೈನ್ ಕಡೆ ಗಮನ ಬೇಕು’ ಅಂತ ಒಂದು ಸಾಲು ಬಂತು.

ಹಳೇ ಮಾಡ್ಯೂಲ್ ಈಗಲೂ ಅಲ್ಲಿ ಓಡ್ತಾ ಇದೆ. ಆ ಕಂಪನಿಯಲ್ಲಿರೋ ಪರಿಚಯದವರಿಗೆ ಬರೆದೆ, ನೋಡ್ತೀವಿ ಅಂದಿದ್ದಾರೆ. ಅತ್ತೆಯ ಹೆಸರು ತಿದ್ದಿಸೋಕೆ ಅಪ್ಪ ನಾಲ್ಕು ಸಲ ಅಲೆದರು, ಆರನೇ ತಿಂಗಳಿಗೆ ಪಿಂಚಣಿ ಬಂತು. “ನೀ ಏನೋ ಮಾಡಿದ್ಯಪಾ” ಅಂತ ಅತ್ತೆ ನನಗೆ ಹರಸಿದರು. ನಾನು ಏನೂ ಮಾಡಿರಲಿಲ್ಲ. ಅದನ್ನ ಅವರಿಗೆ ಹೇಳೋ ಧೈರ್ಯವೂ ಬರಲಿಲ್ಲ.